ಅಟ್ಟದಿಂದ ಇಳಿದ ಫೋಟೋ

ಎರಡು ಸಲ ಸೀನಿ, ಅವನು ಅಟ್ಟದೊಳಗೆ ತಲೆ ತೂರಿಸಿ ಟಾರ್ಚ್ ಹಾಕಿದ. ಮೂಲೆ ಮೂಲೆಯಲ್ಲೂ ಕಪ್ಪು ಬೂಷ್ಟು.

"ರೀ, ಮೊದಲು ನಮ್ಮ ಆರತಕ್ಷತೆ ಫೋಟೋ ಇಳಿಸಿ," ಏಣಿ ಹಿಡಿದಿದ್ದ ಹೆಂಡತಿ ಕೂಗಿದಳು. "ನಾಳೆ ಮದುವೆಗೆ ಇಪ್ಪತ್ತೈದು ವರ್ಷ ತುಂಬತ್ತೆ. ಈ ಸಲವಾದರೂ ಹಾಲ್‌ನಲ್ಲಿ ಹಾಕಲೇಬೇಕು."

ಮದುವೆಯ ಹೊತ್ತಿಗೇ ಬೋಳಾಗಿದ್ದ ತನ್ನ ತಲೆಯನ್ನು ಬಂದವರೆಲ್ಲ ನೋಡಿ ನಗಬಾರದೆಂದು ಆ ಫೋಟೋವನ್ನು ಅಟ್ಟ ಹತ್ತಿಸಿದವನೇ ಅವನು.

"ಬೂಷ್ಟು ತಿಂದುಹಾಕಿರತ್ತೆ, ಬಿಡೇ."

"ಉಳಿದಷ್ಟು ತನ್ನಿ."

ಗೊಣಗುತ್ತಾ ಹೊತ್ತು ತಂದು ಕಿಟಕಿಯ ಬೆಳಕಿಗೆ ಹಿಡಿದ. ಸೂಟು ತೊಟ್ಟ ಮದುಮಗನ ನೆತ್ತಿಯ ಮೇಲಷ್ಟೇ ಬೂಷ್ಟು ಬೆಳೆದಿತ್ತು. ಕಪ್ಪಗೆ, ದಟ್ಟವಾಗಿ, ಎಡಕ್ಕೆ ಬೈತಲೆ ತೆಗೆದಂತೆ.

"ಅಯ್ಯೋ, ಕೊಡಿ ಇಲ್ಲಿ! ವಿನೆಗರ್ ಬಟ್ಟೇಲಿ ಒರೆಸಿದ್ರೆ ಒಂದೇ ನಿಮಿಷಕ್ಕೆ ಹೋಗತ್ತೆ."

"ಮುಟ್ಟಬೇಡ. ಮೊಳೆ ಎಲ್ಲಿ ಹೊಡೀಲಿ, ಹೇಳು."