ಆಸ್ಕರ್‌ಗೊಂದು ಜೋಡಿ

ಏಳನೆಯದೂ ಹೋಗಿತ್ತು.

ಕುಬೇರಪ್ಪ ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮೂರು ಸಲ ನೋಡಿದ. ನಾಲ್ಕು ಅಡಿ ಉದ್ದದ ತೊಟ್ಟಿ. ಅದರಲ್ಲಿ ಒಂದೂವರೆ ಗೇಣಿನ ಆಸ್ಕರ್ ಮೀನು ಒಂದೇ ತೇಲುತ್ತಿತ್ತು, ಕಪ್ಪು ಮೈ, ಕೆಂಡದ ಬಣ್ಣದ ಪಟ್ಟೆ. ನಿನ್ನೆ ಸಂಜೆ ಅದರ ಜೊತೆಗೆ ಬಿಟ್ಟ ಮೀಸೆಯ ಮೀನು ಎಲ್ಲೂ ಇರಲಿಲ್ಲ. ಒಂದು ಮುಳ್ಳೂ ಉಳಿದಿರಲಿಲ್ಲ.

"ನುಂಗೇತೇನು?" ಬಾಗಿಲಲ್ಲಿ ನಿಂತು ಅಕ್ಕ ಮಹಾದೇವಕ್ಕ ಕೇಳಿದಳು.

"ಹೂಂ."

"ಅದರ ಸ್ವಭಾವನ ಹಂಗ. ಬಿಟ್ಟಬಿಡೋ ತಮ್ಮಾ. ಕೆಲವರ ಹಣ್ಯಾಗ ಒಬ್ಬರ ಇರೂದು ಬರದಿರತೈತಿ."

ಅಕ್ಕ ಹೇಳಿದ್ದು ಮೀನಿಗೆ. ಕುಬೇರಪ್ಪನಿಗೆ ಅದು ತನಗೇ ಹೇಳಿದಂತೆ ಕೇಳಿಸಿತು.

ಕಲಘಟಗಿ ಬಜಾರದಲ್ಲಿ ಅವನದು ಕಬ್ಬಿಣದ ಸಾಮಾನಿನ ಅಂಗಡಿ. ಗಿರಾಕಿ ಎರಡನೇ ಸಲ ದರ ಕೇಳಿದರೆ ತಕ್ಕಡಿ ಎತ್ತಿಡುವ ಆಸಾಮಿ. ಮೂರು ವರ್ಷದ ಹಿಂದೆ ಮಿಶ್ರಿಕೋಟಿಯ ಗೌರಿಯನ್ನು ಮದುವೆಯಾದ. ಅವಳಿದ್ದದ್ದು ಎಂಟೇ ತಿಂಗಳು. ಒಂದು ದಿನ ಹುಬ್ಬಳ್ಳಿಯಿಂದ ಮಾಲು ಹಾಕಿಸಿಕೊಂಡು ಬಂದರೆ ಮನೆಯಲ್ಲಿ ಅವಳ ಟ್ರಂಕು ಇರಲಿಲ್ಲ.

"ಇಂಥಾ ಸಿಟ್ಟಿನವನ ಜೋಡಿ ಬಾಳೇ ಮಾಡಾಕ ಆಗಂಗಿಲ್ಲ ಅಂದು ಹೋದ್ಲಪಾ," ಎಂದಳು ಅಕ್ಕ. ಬೆನ್ನುಬೇನೆಯೆಂದು ವಾರವಿಡೀ ಮಲಗಿದ್ದವಳು ಆ ಸಂಜೆ ತಾನೇ ಎದ್ದು ತಮ್ಮನಿಗೆ ಬಿಸಿ ರೊಟ್ಟಿ ಬಡಿದು ಹಾಕಿದಳು. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಾಯಿಯಿಲ್ಲದ ತಮ್ಮನನ್ನು ಬೆಳೆಸಿದವಳು. ಕುಬೇರಪ್ಪ ಹೆಂಡತಿಯನ್ನು ಕರೆಯಲು ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ.

ಮನೆ ಬಣಗುಟ್ಟತೊಡಗಿತು. ಆಗ ತಂದದ್ದು ಈ ಆಸ್ಕರ್. ಊರಲ್ಲಿ ಎರಡೇ ಟಿ.ವಿ. ಇದ್ದ ಕಾಲ, ಓಣಿಯ ಮಂದಿ ಮೀನು ನೋಡಲು ಬಂದು ಹೋದರು. ಅದು ಅವನ ಬೆರಳಿನಿಂದಲೇ ಕಾಳು ತಿನ್ನುತ್ತಿತ್ತು. ಅವನು ಅಂಗಡಿಯಿಂದ ಬಂದರೆ ಗಾಜಿಗೆ ಮೂತಿ ಒತ್ತುತ್ತಿತ್ತು. ಆ ಮನೆಯಲ್ಲಿ ಅವನ ದಾರಿ ಕಾಯುವ ಜೀವವೆಂದರೆ ಅದೇ ಎಂದು ಅವನು ನಂಬಿದ್ದ.

ಹರಕೆ ಹೊರಲು ಊರ ತುಂಬ ದೇವರಿದ್ದರು. ಈ ಮಹರಾಯ ಹೋಗಿ ಹೋಗಿ ಮೀನಿಗೆ ಹೊತ್ತ: ಇದರ ಜೊತೆ ಒಂದೇ ಒಂದು ಮೀನು ಹದಿನೈದು ದಿನ ಬಾಳಲಿ, ಮಿಶ್ರಿಕೋಟಿಗೆ ಹೋಗಿ ಗೌರಿಯನ್ನು ಕರೆತರುತ್ತೇನೆ. ಅಕ್ಕನಿಗೂ ಹೇಳಿದ. ಆಕೆ ನಗಲಿಲ್ಲ.

ಹುಬ್ಬಳ್ಳಿಯಲ್ಲಿ ಮೀನು ಮಾರುವ ಶಮೀಮಾಬಿ ಲೆಕ್ಕದ ಹೆಂಗಸು. "ಅಣ್ಣಾರ, ಅದರ ಬಾಯಾಗ ಹಿಡಿಸೂವಂಥಾದ್ದನ್ನ ನಾ ಕೊಡಂಗಿಲ್ರಿ. ಜೋಡಿ ಅಂದ್ರ ಮೈ ಗಟ್ಟಿ ಇರಬೇಕು. ಅಂಜಬಾರದು. ತಾನಾಗಿ ಜಗಳಾನೂ ತಗೀಬಾರದು."

ಕುಬೇರಪ್ಪನಿಗೆ ಗೌರಿಯೇ ಕಣ್ಣಿಗೆ ಕಟ್ಟಿದಳು.

ಅಂಗೈಗಿಂತ ದೊಡ್ಡ ಬಂಗಾರದ ಮೀನು ತಂದ. ಎರಡು ದಿನಕ್ಕೆ ಇಲ್ಲ. ತಾಟಿನಂತೆ ಅಗಲವಾದ ಬೆಳ್ಳಿ ಮೀನು ತಂದ, ಅದೂ ಇಲ್ಲ. ಹೀಗೆ ಆರು. ಬೆಳಿಗ್ಗೆ ಅವನು ಸ್ನಾನ, ಪೂಜೆ ಮುಗಿಸಿ ಬರುವಷ್ಟರಲ್ಲಿ ಆಸ್ಕರ್ ಒಂಟಿಯಾಗಿರುತ್ತಿತ್ತು. ಕೊನೆಗೆ ಶಮೀಮಾಬಿ ಈ ಮೀಸೆಯ ಮೀನನ್ನು ಆರಿಸಿ ಕೊಟ್ಟಳು. ಅದರ ರೆಕ್ಕೆಯಲ್ಲಿ ದಬ್ಬಣದಂಥ ಮುಳ್ಳುಗಳಿದ್ದವು. "ಇದನ್ನ ನುಂಗಿದ್ರ ನಿಮ್ಮ ಆಸ್ಕರ್ ಗಂಟಲಾ ಹರಕೊಂಡು ಸಾಯತೈತ್ರಿ," ಎಂದಿದ್ದಳು.

ಆಸ್ಕರ್ ಸತ್ತಿರಲಿಲ್ಲ. ಕಾಳಿಗಾಗಿ ಮೂತಿ ಚಾಚಿತ್ತು. ಕುಬೇರಪ್ಪನಿಗೆ ಅದರ ಮೇಲೆ ಸಿಟ್ಟೂ ಬರಲಿಲ್ಲ. ತನ್ನ ಜಾತಿಯದೇ ಎಂದುಕೊಂಡ.

ಹೊರಗೆ ಕಟ್ಟೆಯ ಮೇಲೆ ಗೌರಿಯ ಸೋದರಮಾವ ಹೊಳಬಸಪ್ಪ ಉತ್ತರಕ್ಕಾಗಿ ಕಾಯುತ್ತಿದ್ದ. ಗೌರಿಗೆ ಉಡಿಕೆಯ, ಅಂದರೆ ಎರಡನೇ ಮದುವೆಯ, ಮಾತು ಬಂದಿತ್ತು.

"ಇವತ್ತ ಮಧ್ಯಾಹ್ನ ಹುಡುಗನ ಕಡಿಯವರು ಬರಾಕತ್ತಾರ್ರಿ. ನಮ್ಮ ಹುಡುಗಿ ಒಂದ ಮಾತು ಹೇಳಿ ಕಳಿಸ್ಯಾಳ. ಈ ಸಲಾ ಅವರ ಬಾಯಿಂದನ ಕೇಳ್ಕೊಂಡು ಬಾ ಅಂತ. ಏನಂತೀರಿ, ಆಕಿ ನಿಮ್ಮನಿಗೆ ತಿರುಗಿ ಬರ್ಲೋ, ಬ್ಯಾಡೋ?"

ಕುಬೇರಪ್ಪ ಒಮ್ಮೆ ಒಳಗೆ ತೊಟ್ಟಿಯತ್ತ ನೋಡಿದ.

"ಬ್ಯಾಡ ಅಂತ ಹೇಳ್ರಿ. ನನ್ನ ಜೋಡಿ ಯಾರೂ ಉಳಿಯಂಗಿಲ್ಲ."

ಹೊಳಬಸಪ್ಪ ಚಹಾ ಮುಟ್ಟದೆ ಎದ್ದ. ಒಂಬತ್ತರ ಬಸ್ಸಿಗೆ ಹೋದ. ಕುಬೇರಪ್ಪ ಹೊರಡಲು ಎದ್ದ. ಅಂಗಡಿಯ ಬೀಗದಕೈ ತೆಗೆದುಕೊಂಡವನು ಮತ್ತೆ ಗೂಟಕ್ಕೆ ಹಾಕಿದ.

ಹತ್ತಕ್ಕೆ ಹಿತ್ತಲ ಬಾವಿಯ ಹೂಳು ತೆಗೆಯಲು ಮೈಲಾರಪ್ಪ ಹಗ್ಗ, ಬುಟ್ಟಿ ಹಿಡಿದು ಬಂದ.

"ನಿನ್ನನ್ಯಾರು ಕರದ್ರು? ಈ ವರ್ಷ ಬ್ಯಾಡ," ಎಂದಳು ಮಹಾದೇವಕ್ಕ.

"ನಾನ ಹೇಳೇನಿ, ಅಕ್ಕಾ. ನೀರು ತಳಾ ಹಿಡದೈತಿ," ಎಂದ ಕುಬೇರಪ್ಪ. ಕೈಗೆ ಏನಾದರೊಂದು ಕೆಲಸ ಬೇಕಾಗಿತ್ತು. ತಾನೇ ಹಗ್ಗ ಎಳೆಯಲು ನಿಂತ.

ಮೊದಲ ಎರಡು ಬುಟ್ಟಿ ಬರೀ ಕೆಸರು. ಆಮೇಲೆ ಕೆಳಗಿನಿಂದ ಮೈಲಾರಪ್ಪನ ಧ್ವನಿ ಬಂತು. "ಸಾವ್ಕಾರ್ರ, ಒಂದು ಕೊಡಾ ಇಳಿಬಿಡ್ರಿ. ಇಲ್ಲೆ ಮೀನಿನ ಸಂತೀನ ನೆರದೈತಲ್ರಿ."

ಕೊಡ ಮೇಲೆ ಬಂತು. ಬಗ್ಗಿ ನೋಡಿದರೆ ಮೀಸೆಯ ಮೀನು. ಅದರ ಬೆನ್ನಿಗೆ ಬೆಳ್ಳಿಯದು. ಇನ್ನೊಂದು ಕೊಡದಲ್ಲಿ ಬಂಗಾರದ್ದು, ಬಂದಾಗಿನದಕ್ಕಿಂತ ದಪ್ಪಗಾಗಿತ್ತು. ಕುಬೇರಪ್ಪ ಎಣಿಸಿದ. ಏಳೂ ಇದ್ದವು. ಏಳೂ ಉಸಿರಾಡುತ್ತಿದ್ದವು.

ತಿರುಗಿ ನೋಡಿದ. ಮಹಾದೇವಕ್ಕ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಿದ್ದಳು.

"ಲಿಂಗಾ ಕಟ್ಟಿದ ಮೈ. ಜೀವಾ ತಗಿಯಾಕ ಕೈ ಬರ್ಲಿಲ್ಲೋ ತಮ್ಮಾ. ಕೊಡದಾಗ ಹಾಕಿ ಮೆಲ್ಲಕ ಇಳಿಬಿಟ್ಟೆ. ಒಲಿ ಮುಂದ ಮತ್ತೊಬ್ಬಾಕಿ ಬಂದು ಕುಂತ್ರ ನಾ ಎಲ್ಲಿಗೆ ಹೋಗ್ಲಿ?"

ಕುಬೇರಪ್ಪ ಅವಳತ್ತ ಒಂದು ಹೆಜ್ಜೆ ಇಟ್ಟ. "ಮತ್ತ ಗೌರಿ?" ಎಂದ.

"ಮೀನಕ್ಕ ಹೇಳೂದೇನಿತ್ತು, ಎತ್ತಿ ಬಿಟ್ಟೆ," ಎಂದಳು ಮಹಾದೇವಕ್ಕ. "ಆಕಿಗೆ ಮಾತ್ರ, ನೀನ ಆಕೀನ್ನ ತವರಿಗೆ ಹೋಗಂದಿ ಅಂತ ಹೇಳಬೇಕಾತು."