ಒಂಬತ್ತಕ್ಕೇ ಮಲಗುವವಳು

ತಡರಾತ್ರಿವರೆಗೂ ಎಚ್ಚರವಿರುವ ಗಂಡ ತಿಪ್ಪೇಸ್ವಾಮಿಯನ್ನು ಪಾಲಮ್ಮ ಡಾಕ್ಟರ ಬಳಿ ಎಳೆದುತಂದಳು.

“ನಾನು ಒಂಬತ್ತಕ್ಕೆಲ್ಲ ಮಲಗ್ತೀನಿ. ಇವರು ಹಾಡು ಹಾಕ್ಕೊಂಡು ಗೂಬೆ ಹಾಗೆ ಕೂತಿರ್ತಾರೆ. ಬಿಪಿ ಏರುತ್ತೆ ಅಂತ ನೀವಾದ್ರೂ ಬುದ್ಧಿ ಹೇಳಿ ಡಾಕ್ಟ್ರೇ.”

ಡಾಕ್ಟರು ನಕ್ಕು, ಹಗಲೂ ರಾತ್ರಿ ಬಿಪಿ ಅಳೆಯುವ ಯಂತ್ರವನ್ನು ಇಬ್ಬರ ತೋಳಿಗೂ ಕಟ್ಟಿ ಕಳಿಸಿದರು. ಮರುದಿನ ವರದಿ ನೋಡಿ ಹೇಳಿದರು: “ರಾತ್ರಿ ನಿದ್ದೆಯಲ್ಲಿ ಬಿಪಿ ಇಳಿಯಬೇಕು. ಒಬ್ಬರದು ಮಲಗಿದ ಮೇಲೆ ಚೆನ್ನಾಗಿ ಇಳಿದಿದೆ. ಇನ್ನೊಬ್ಬರದು ಮಲಗಿ ಎಷ್ಟು ಹೊತ್ತಾದರೂ ಇಳಿದೇ ಇಲ್ಲ.”

“ನಾನು ಹೇಳ್ಲಿಲ್ವಾ!” ಪಾಲಮ್ಮ ಗಂಡನತ್ತ ತಿರುಗಿದಳು.

“ಇಳಿಯದೇ ಇರೋದು ನಿಮ್ಮದು ಅಮ್ಮಾ. ಒಂಬತ್ತಕ್ಕೆ ಮಲಗಿದರೆ ನಿದ್ದೆ ಬರುತ್ತಾ?”

ಪಾಲಮ್ಮನ ಮುಖ ಕೆಂಪಾಯಿತು.

“ಹೇಗೆ ಬರುತ್ತೆ ಡಾಕ್ಟ್ರೇ? ಇವರು ಹಾಕೋ ಹಳೇ ಹಾಡೆಲ್ಲ ಮುಗಿಯೋವರೆಗೂ ನಾನೂ ಹೊದಿಕೆಯೊಳಗೇ ಹಾಡ್ಕೋತಿರ್ತೀನಲ್ಲ!”