ಮುಂದಿನ ತಿಂಗಳ ಹಾಲು

ಬರುವ ತಿಂಗಳ ಮನೆಖರ್ಚನ್ನು ಇಪ್ಪತ್ತೈದನೇ ತಾರೀಖಿಗೇ ಬರೆದುಕೊಡುವ ಆ್ಯಪ್ ಎಲ್ಲರ ಮನೆಯಲ್ಲೂ ಇತ್ತು, ಒಮ್ಮೆಯೂ ತಪ್ಪಿದ್ದಿಲ್ಲ. ಅದು ಕುಕ್ಕರ್ ಗ್ಯಾಸ್ಕೆಟ್ ಎಂದು ಬರೆದರೆ, ಪಂಕಜಾ ಹಳೆಯದು ಹರಿಯುವ ಮೊದಲೇ ಹೊಸದನ್ನು ತಂದಿಡುತ್ತಿದ್ದಳು. ಈ ಸಲ ಆರ್‌ಡಿ, ಚೀಟಿ, ಮ್ಯೂಚುವಲ್ ಫಂಡಿನ ಕಂತು ಎಲ್ಲ ಇದ್ದ ಹಾಗೇ ಇದ್ದವು. ಹಾಲು ಮಾತ್ರ ದಿನಕ್ಕೆ ಒಂದು ಲೀಟರಿನಿಂದ ಅರ್ಧಕ್ಕೆ ಇಳಿದಿತ್ತು.

ಮನೆಯಲ್ಲಿರುವುದೇ ಇಬ್ಬರು, ಅವಳು ಮತ್ತು ಗಂಡ ಸದಾಶಿವ.

ಮೂರು ದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅವನು ಕೆಮ್ಮಿದರೆ ಒಲೆ ಬಿಟ್ಟು ಓಡಿಬರುತ್ತಾಳೆ. ತನ್ನ ಎದೆ ಚುಳ್ಳೆಂದರೆ ಮೈಯೆಲ್ಲ ಬೆವರು. ಹಾಳಾದ ಆ್ಯಪನ್ನು ಎಷ್ಟು ಸಲ ಮುಚ್ಚಿ ತೆರೆದರೂ ಅರ್ಧ ಲೀಟರು ಅರ್ಧ ಲೀಟರೇ. ಅವನಿಗೆ ಹೇಳುವ ಧೈರ್ಯವೂ ಬರಲಿಲ್ಲ.

ಇವತ್ತು ಬೆಳಿಗ್ಗೆ ಕಾಫಿ ತಂದಿಟ್ಟಳು. ದಿನಕ್ಕೆ ಆರು ಸಲ ಕಾಫಿ ಕೇಳುವ ಸದಾಶಿವ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಬೇಡ ಕಣೇ. ಒಂದನೇ ತಾರೀಖಿಂದ ಕಾಫಿ ಬಿಡ್ತೀನಿ. ಈಗಿಂದಲೇ ಅಭ್ಯಾಸ ಮಾಡ್ಕೋತೀನಿ."

ಹಾಗೆಂದನೇ ಹೊರತು ಕಣ್ಣು ಲೋಟದ ಮೇಲೇ ಇತ್ತು. ಅವನೂ ಆ್ಯಪ್ ನೋಡಿಬಿಟ್ಟಿದ್ದಾನೆ ಎಂದು ಅವಳಿಗೆ ಹೊಳೆಯಿತು.

ಪಂಕಜಾ ಸೆರಗಿನಿಂದ ಮುಖ ಒರೆಸಿಕೊಂಡು, ಮೇಜಿನ ಮೇಲಿದ್ದ ಫೋನಿಗೂ ಕೇಳಿಸುವಂತೆ ಜೋರಾಗಿ ಹೇಳಿದಳು:

"ಹಂಗಾದ್ರೆ ಅರ್ಧ ಲೀಟರೇ ಸಾಕು ಬಿಡಿ, ನಮ್ಮಿಬ್ಬರಿಗೂ!"